ಯೂಸುಫು ಹೇಳಿ ಹೋದ ಮಾತು

ಈ ಸಲದ ಮಳೆಗಾಲದ ಮೊದಲ ಮಳೆ ಬಿದ್ದ ದಿನ ನಾನು ಬರ್ಕ್ಲಿಯಲ್ಲಿದ್ದೆ. ನನ್ನ ಹೆಂಡತಿ ವಾಸಂತಿ ಅಲ್ಲಿನ ಯೂನಿವರ್ಸಿಟಿಯಲ್ಲಿ ಗಿಡಗಳ ಸಂಶೋಧನೆ ಮಾಡುವವಳು. ದಿನಾ ನಮ್ಮ ಮನೆಯಿರುವ ಫ್ರೀಮಾಂಟಿನಿಂದ ರೈಲಿನಲ್ಲಿ ಹೋಗಿ ಬರುತ್ತಾಳೆ. ಅವತ್ತು ಮನೆಗೆ ತರಬೇಕಾದ ಪುಸ್ತಕದ ಪೆಟ್ಟಿಗೆಗಳಿದ್ದವು, ಕಾರು ತಗೊಂಡು ಬನ್ನಿ ಅಂದಿದ್ದಳು. ಗುಡ್ಡದ ಮೇಲೆ ನೀಲಗಿರಿ ಮರಗಳ ಕೆಳಗೆ ಕಾರು ನಿಲ್ಲಿಸಿ ಇಳಿದೆ. ಆರು ತಿಂಗಳಿಂದ ಒಂದು ಹನಿ ಕಾಣದ ಎಲೆಗಳ ಮೇಲೆ ಮಳೆ ಶುರುವಾಯಿತು. ಔಷಧಿಯಂಥ ಆ ಘಾಟು ಮೂಗಿಗೆ ಬಡಿದು ನಿಂತಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷದ ಹಿಂದೆ, ಟಾಂಜಾನಿಯಾದ ಉಸಾಂಬರ ಬೆಟ್ಟಗಳ ಮೇಲಿನ ಒಂದು ಹಳೇ ಲಾಡ್ಜಿನಲ್ಲಿ, ಮೂರು ತಿಂಗಳು ಇದೇ ಘಾಟನ್ನು ಉಸಿರಾಡಿದ್ದೆ. ವಾಸನೆಯ ಜೊತೆಗೆ ಹೊಟ್ಟೆಯೊಳಗಿನ ಹಳೆಯ ಉರಿಯೂ ಎದ್ದಿತು.

ಆ ವರ್ಷ ನನ್ನ ಕೆಲಸ ಹೋಗಿತ್ತು. ಮಂಡ್ಯದಲ್ಲಿ ಸಿವಿಲ್ ಓದಿ ಬಂದವನು ನಾನು. ಇಲ್ಲಿ ಇಪ್ಪತ್ತೊಂದು ವರ್ಷ ಒಂದೇ ಆಫೀಸಿನಲ್ಲಿ ಕೂತು ಕಟ್ಟಡಗಳ ನಕ್ಷೆ ಬರೆದೆ. ಆ ಕಂಪನಿಯನ್ನು ಇನ್ಯಾರೋ ಕೊಂಡರು, ನಮ್ಮ ಇಡೀ ಮಹಡಿಯನ್ನೇ ಖಾಲಿ ಮಾಡಿಸಿದರು. ಐವತ್ತಮೂರನೇ ವಯಸ್ಸಿನಲ್ಲಿ ಹೊಸ ಅಂಗಿ ಹಾಕಿಕೊಂಡು ಇಂಟರ್‌ವ್ಯೂಗಳಿಗೆ ಹೋದೆ. ನನ್ನ ಮಗಳಷ್ಟೇ ವಯಸ್ಸಿನವರು ಎದುರು ಕೂತು ನಗುಮುಖದಿಂದ ಮಾತಾಡಿ ಕಳಿಸಿದರು. ಯಾರೂ ತಿರುಗಿ ಫೋನು ಮಾಡಲಿಲ್ಲ. ಅದೇ ತಿಂಗಳು, ಹತ್ತು ವರ್ಷದಿಂದ ಕೇಳುತ್ತ ಬಂದಿದ್ದ ಅನುದಾನ ವಾಸಂತಿಗೆ ಸಿಕ್ಕಿತು.

"ಮನೇಲಿ ಒಬ್ಬರೇ ಕೂತು ಏನ್ ಮಾಡ್ತೀರಾ? ನನ್ ಜೊತೆ ಬನ್ನಿ. ಬೆಟ್ಟ, ಮಳೆ, ಒಂಥರಾ ವೆಕೇಷನ್ನೇ ಆಗತ್ತೆ" ಅಂದಳು. ಮಗಳು ನಿಧಿ ದೂರದ ಊರಿನಲ್ಲಿ ಕಾಲೇಜು ಓದುತ್ತಿದ್ದಳು. ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ. ಹೊರಟೆ.

ವಾಸಂತಿ ಹೋದದ್ದು ಒಂದು ಹೂವಿಗಾಗಿ. ನಮ್ಮ ಕಡೆ ಕರ್ಣಕುಂಡಲ ಅನ್ನುತ್ತೇವಲ್ಲ, ಅದೇ ಜಾತಿಯ ಕಾಡು ಗಿಡ. ನೀರು ಜಿನುಗುವ ಬಂಡೆಗಳ ಮೇಲೆ ಬೆಳೆಯುತ್ತದೆ. ಅಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗೆ ಹಿಡಿಯುವ ದೊಡ್ಡ ಮಳೆಗೆ ಮಸಿಕಾ ಎಂದು ಹೆಸರು. ಆ ಮಸಿಕಾದಲ್ಲಿ ಒಮ್ಮೆ ಮಾತ್ರ ಅರಳಿ, ಎರಡು ಮೂರು ದಿನಕ್ಕೆ ಉದುರಿಹೋಗುವ ಹೂವದು. ಹೂವಿನ ಹಿಂದಿನ ಉದ್ದನೆ ಬಾಲದ ತುದಿಯಲ್ಲಿ ಒಂದು ಹನಿ ಜೇನು ಇರುತ್ತದಂತೆ. ಅದನ್ನು ಕುಡಿಯಲು ಬರುವುದು ಪತಂಗವೋ, ಸೂರಕ್ಕಿ ಎಂಬ ಪುಟ್ಟ ಹಕ್ಕಿಯೋ ಎಂದು ಯಾರೂ ಕಣ್ಣಾರೆ ಕಂಡಿಲ್ಲ. ಕ್ಯಾಮೆರಾ ಇಟ್ಟು ಅದನ್ನು ನೋಡಬೇಕು ಎಂಬುದು ಅವಳ ಆಸೆ.

ಲಾಡ್ಜು ನೀಲಗಿರಿ ತೋಪಿನ ನಡುವೆ ಕಲ್ಲಿನ ಗೋಡೆ, ತಗಡಿನ ಸೂರಿನ ಎಂಟು ಕೋಣೆಗಳ ಕಟ್ಟಡ. ಮಳೆಗಾಲದಲ್ಲಿ ಅತಿಥಿಗಳು ಯಾರೂ ಬರುವುದಿಲ್ಲ. ಅಡುಗೆ, ಬೀಗದ ಕೈ ಎಲ್ಲ ಮಾಮಾ ರೆಹೆಮಾ ಎಂಬ ದಪ್ಪ ದನಿಯ ಹೆಂಗಸಿನ ಕೈಯಲ್ಲಿ. ಅಲ್ಲಿ ಮಾಮಾ ಅಂದರೆ ತಾಯಿ, ಕಾಕಾ ಅಂದರೆ ಅಣ್ಣ, ದಾದಾ ಅಂದರೆ ಅಕ್ಕ. ಮೊದಲ ದಿನವೇ ವಾಸಂತಿಯನ್ನು "ದಾದಾ, ಸ್ವಾಗತ" ಎಂದು ಎದುರುಗೊಂಡವನು ಯೂಸುಫು. ನನ್ನದೇ ವಯಸ್ಸು, ತೆಳ್ಳಗಿನ ಆಳು, ಮೊಳಕಾಲವರೆಗೆ ರಬ್ಬರ್ ಬೂಟು. ಇಪ್ಪತ್ತು ವರ್ಷದಿಂದ ಬಂದುಹೋಗುವ ಸಂಶೋಧಕರಿಗೆಲ್ಲ ದಾರಿ ತೋರಿಸಿದವನು. ಇಂಗ್ಲಿಷು ನಿಧಾನ, ಆದರೆ ಸ್ವಚ್ಛ. ಕಾಡಿನ ಒಂದೊಂದು ಗಿಡಕ್ಕೂ ತನ್ನ ಭಾಷೆಯಲ್ಲಿ ಹೆಸರು ಹೇಳುತ್ತಿದ್ದ.

ಅವನು ಅವಳನ್ನು ಕರೆಯುತ್ತಿದ್ದುದು ಅಕ್ಕ ಎಂದು. ಅದು ಗೊತ್ತಿದ್ದೂ ನನ್ನ ಹೊಟ್ಟೆಯುರಿ ಕಡಿಮೆಯಾಗಲಿಲ್ಲ.

ದಿನಾ ಬೆಳಗಾಗುವ ಮೊದಲೇ ಇಬ್ಬರೂ ಕಾಡಿಗೆ ಹೋಗುತ್ತಿದ್ದರು. ನಾನು ಜಗಲಿಯಲ್ಲಿ. ಮೋಡ ಬಾಗಿಲಿನಿಂದ ಒಳಗೆ ಬಂದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ತಗಡಿನ ಮೇಲಿನ ಮಳೆಯ ಸದ್ದಿಗೆ ರೆಹೆಮಾ ಕೂಗಿದರೂ ಕೇಳಿಸುತ್ತಿರಲಿಲ್ಲ. ಉಪ್ಪು ನೀರಾಯಿತು. ಬೆಲ್ಟಿನ ಮೇಲೆ ಬೂಷ್ಟು ಬಂತು. ಒಗೆದ ಬಟ್ಟೆ ಒಲೆಯ ಪಕ್ಕ ಮೂರು ದಿನ ನೇತಾಡಿ, ಹೊಗೆಯ ವಾಸನೆ ಹೊತ್ತು, ಹಸಿಯಾಗಿಯೇ ಮೈಗೇರುತ್ತಿತ್ತು. ಮಧ್ಯಾಹ್ನ ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಹುರುಳಿಕಾಯಿ ಬೀಜದ ಸಾರು. ರಾಗಿಮುದ್ದೆ ತಿಂದು ಬೆಳೆದ ನನಗೆ ನುಂಗುವುದು ಕಷ್ಟವಾಗಲಿಲ್ಲ. ಆದರೆ ಒಬ್ಬನೇ ಕೂತು ತಿನ್ನುವುದು ಕಷ್ಟ. ರೆಹೆಮಾ ನನ್ನ ಮುಖ ನೋಡಿದಾಗಲೆಲ್ಲ "ಪೋಲೆ, ಕಾಕಾ" ಅನ್ನುತ್ತಿದ್ದಳು. ಅಯ್ಯೋ ಪಾಪ ಅನ್ನುವುದಕ್ಕೆ ಅವರ ಮಾತು ಅದು. ನನ್ನ ಕಿವಿಗೆ ಮಾತ್ರ ಕೆಲಸವಿಲ್ಲದ ಪೋಲಿ ಅಂದಂತೆಯೇ ಕೇಳುತ್ತಿತ್ತು.

ಸಂಜೆ ಅವರಿಬ್ಬರೂ ಕೆಸರು ಮೆತ್ತಿಕೊಂಡು ಬಂದು ಊಟದ ಮೇಜಿನ ಮೇಲೆ ನೋಟುಬುಕ್ಕು ಹರಡುತ್ತಿದ್ದರು. ಒಂದು ಎಲೆಯ ಅಂಚಿನ ಬಗ್ಗೆ ಅರ್ಧ ಗಂಟೆ ವಾದ. ವಾಸಂತಿ ಒಂದಿಷ್ಟು ಮುಂದಕ್ಕೆ ಬಾಗಿ, ಕನ್ನಡಕ ತಲೆಗೇರಿಸಿ, ಅವನ ಮಾತು ಮುಗಿಯುವವರೆಗೆ ಕಾಯುತ್ತಿದ್ದಳು. ಹಾಗೆ ಅವಳು ನನ್ನ ಮಾತು ಕೇಳಿದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ನೆನಪಾಗಲಿಲ್ಲ. ನಾನು ಹೇಳುವಂಥದ್ದು ಏನಿತ್ತು ಅಂತ ಕೇಳಿಕೊಂಡಿದ್ದರೆ ಅದಕ್ಕೂ ಉತ್ತರ ಇರುತ್ತಿರಲಿಲ್ಲ. ಆಗ ಅದನ್ನು ಕೇಳಿಕೊಳ್ಳುವ ಬುದ್ಧಿ ಇರಲಿಲ್ಲ.

ಮೂರನೇ ವಾರ ಯೂಸುಫು ನನ್ನ ರೇನ್‌ಕೋಟು ತೊಟ್ಟು ಅಂಗಳದಲ್ಲಿ ನಿಂತಿದ್ದ.

"ಅದು ನನ್ದಲ್ವಾ?" ಅಂದೆ.

"ಅವನದ್ದು ಹರಿದು ಹೋಗಿದೆ ರೀ. ನೀವು ಹೇಗೂ ಹೊರಗೆ ಹೋಗಲ್ವಲ್ಲ" ಅಂದಳು ವಾಸಂತಿ, ಬೂಟಿನ ದಾರ ಕಟ್ಟಿಕೊಳ್ಳುತ್ತ.

ಅವಳು ಚುಚ್ಚಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೆ ನಾನು ಆ ಮಾತನ್ನು ಇಡೀ ದಿನ ಅಗಿದೆ. ಇನ್ನೊಂದು ದಿನ ಯೂಸುಫು ಜಗಲಿ ಹತ್ತಿ ಬಂದು, ನನ್ನ ಮುಂದೆ ನಿಂತು, ಒಂದೊಂದೇ ಅಕ್ಷರ ಜೋಡಿಸಿ, "ಊಟಾ ಆಯ್ತಾ?" ಎಂದ. ವಾಸಂತಿ ಕಲಿಸಿದ್ದಳು. ಅವಳು ಚಪ್ಪಾಳೆ ತಟ್ಟಿ ನಕ್ಕಳು. ನಾನೂ ನಕ್ಕೆ. ನಮ್ಮ ಮಗಳಿಗೇ ಸರಿಯಾಗಿ ಕನ್ನಡ ಮಾತಾಡಲು ಬಾರದು, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಈ ಮನುಷ್ಯನ ಬಾಯಲ್ಲಿ ನನ್ನ ಭಾಷೆ ಕೇಳಿ ನನಗೆ ಸಂತೋಷವಾಗಬೇಕಿತ್ತು. ಬದಲಿಗೆ, ಮನೆಯೊಳಗಿನ ಕಡೇ ಚೊಂಬನ್ನೂ ಎತ್ತಿ ಅವನಿಗೆ ಕೊಟ್ಟುಬಿಟ್ಟಳು ಅನ್ನಿಸಿತು.

ಒಂಬತ್ತು ವಾರದಲ್ಲಿ ನಾವಿಬ್ಬರೇ ಎಂದು ಒಂದು ಪೂರ್ತಿ ದಿನ ಕಳೆದಿರಲಿಲ್ಲ. ನಾನು ಮುಖ ಊದಿಸಿಕೊಂಡದ್ದು ಕಂಡು ವಾಸಂತಿಯೇ ಹೇಳಿದಳು, "ಈ ಭಾನುವಾರ ಕೆಳಗಿನ ಪೇಟೆಗೆ ಹೋಗೋಣ. ನೀವು, ನಾನು ಮಾತ್ರ. ಹೂವು ಗೀವು ಏನೂ ಇಲ್ಲ."

ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಅವಳು ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಹಳ್ಳಿಯ ಕಡೆ ಹೋಗಿದ್ದಳು. ಮಳೆಗೆ ಫೋನಿನ ಸಿಗ್ನಲ್ಲು ಸತ್ತು ಎರಡು ದಿನವಾಗಿತ್ತು. ಯೂಸುಫು ಓಡುತ್ತ ಬಂದ. ಮುಖದಿಂದ ನೀರು ಇಳಿಯುತ್ತಿತ್ತು, ಕಣ್ಣು ಹೊಳೆಯುತ್ತಿದ್ದವು.

"ಕಾಕಾ, ಹೂವು ಅರಳಿದೆ! ಮೇಲಿನ ಬಂಡೆಯ ಮೇಲೆ, ನಲವತ್ತಕ್ಕೂ ಹೆಚ್ಚು. ದಾದಾಗೆ ಹೇಳಿ, ನಾಳೆ ಬೆಳಕು ಹರಿಯುವ ಮೊದಲು ಸೇತುವೆ ಹತ್ತಿರ ಕಾಯುತ್ತಿರುತ್ತೇನೆ. ನಾಳೆ ಬಿಟ್ಟರೆ ಕಷ್ಟ, ದೊಡ್ಡ ಮಳೆ ಬರುವ ಹಾಗಿದೆ."

"ಹೇಳ್ತೀನಿ" ಅಂದೆ.

"ಹೊಳೆ ಏರುತ್ತಿದೆ, ನಾನು ಆಚೆ ದಡ ಸೇರಬೇಕು" ಎಂದು ನನ್ನ ಎರಡೂ ಕೈ ಹಿಡಿದು ಕುಲುಕಿ, ಹಾಗೆಯೇ ಓಡಿದ.

ಅರ್ಧ ಗಂಟೆಯ ಮೇಲೆ ವಾಸಂತಿ ಬಂದಳು. ತಲೆ ಒರೆಸಿಕೊಳ್ಳುತ್ತ ಕೇಳಿದಳು, "ಯೂಸುಫು ಬಂದಿದ್ನಾ?"

"ಇಲ್ಲ" ಅಂದೆ.

ಮುಂಚೆ ಯೋಚಿಸಿ ಇಟ್ಟುಕೊಂಡ ಸುಳ್ಳಲ್ಲ ಅದು. ಬಾಯಿಗೆ ಅದೇ ಬಂತು. ಆಮೇಲೆ ಅದಕ್ಕೆ ಕಾರಣ ಕಟ್ಟಿದೆ. ನಲವತ್ತು ಹೂವು ಒಂದೇ ದಿನದಲ್ಲಿ ಎಲ್ಲಿ ಹೋಗುತ್ತವೆ? ಭಾನುವಾರ ಒಂದು ದಿನ ನನ್ನದಾಗಲಿ. ಸಂಜೆ ವಾಪಸು ಬಂದ ಮೇಲೆ ಹೇಳಿದರಾಯಿತು.

ಪೇಟೆಯಲ್ಲಿ ಅವತ್ತು ಮಳೆ ಬಿಡುವು ಕೊಟ್ಟಿತ್ತು. ವಾಸಂತಿ ಎರಡು ಬಣ್ಣದ ಬಟ್ಟೆ ಕೊಂಡಳು, ಅದರಲ್ಲಿ ಒಂದನ್ನು ಅಲ್ಲೇ ಹೆಗಲಿಗೆ ಸುತ್ತಿಕೊಂಡಳು. ಗುಜರಾತಿ ಅಜ್ಜಿಯೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅನ್ನ, ತೊವ್ವೆ, ಉಪ್ಪಿನಕಾಯಿ ಸಿಕ್ಕಿತು. "ಎಷ್ಟು ದಿನ ಆಗಿತ್ತು ರೀ ಹೀಗೆ ಓಡಾಡಿ. ನನ್ದೇ ತಪ್ಪು, ನಿಮ್ಮನ್ನ ಕರ್ಕೊಂಡು ಬಂದು ಆ ಜಗಲೀಲಿ ಕೂರಿಸಿಬಿಟ್ಟೆ" ಎಂದು ನನ್ನ ತಟ್ಟೆಗೆ ತನ್ನ ಹಪ್ಪಳ ಹಾಕಿದಳು. ನನಗೆ ಬೇಕಾಗಿದ್ದದ್ದು ಇದೇ ಮಾತು. ಅದು ಸಿಕ್ಕಿದಾಗ ಹಪ್ಪಳ ಮುರಿದು ಮುರಿದು ಪುಡಿ ಮಾಡುತ್ತ ಕೂತೆ. ಆ ಹೊತ್ತಿಗೆ ಸೇತುವೆಯ ಹತ್ತಿರ ಯೂಸುಫು ನಿಂತೇ ಇರಬಹುದು ಎಂಬುದು ನನಗೆ ಗೊತ್ತಿತ್ತು.

ವಾಪಸು ಬರುವಾಗ ಜೀಪು ಕೆಸರಿನಲ್ಲಿ ಹೂತು ತಡವಾಯಿತು. ವಾಸಂತಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಹೇಳಲಿಲ್ಲ. ಬೆಳಗ್ಗೆ ಹೇಳುತ್ತೇನೆ ಅಂದುಕೊಂಡೆ. ಅವತ್ತು ರಾತ್ರಿ ಬಂದ ಮಳೆಯ ಬಗ್ಗೆ ಆ ಊರಿನವರೇ ಬಹಳ ದಿನ ಮಾತಾಡಿಕೊಂಡರು.

ಸೋಮವಾರ ಬೆಳಗ್ಗೆ ಯೂಸುಫು ಜಗಲಿಗೆ ಬಂದಾಗ ಅವನಿಗೆ ದನಿಯೇ ಇರಲಿಲ್ಲ, ನೆಗಡಿ ಕಟ್ಟಿತ್ತು.

"ದಾದಾ, ಮೈಗೆ ಹುಷಾರಿಲ್ಲವೇ? ನಿನ್ನೆ ಹನ್ನೊಂದು ಗಂಟೆಯವರೆಗೂ ಸೇತುವೆ ಹತ್ತಿರ ಕಾದೆ."

"ಯಾಕೆ ಕಾದೆ?" ಎಂದಳು ವಾಸಂತಿ.

ಅವನು ನನ್ನ ಕಡೆ ನೋಡಿದ. ಒಂದು ಗಳಿಗೆ ಅಷ್ಟೇ. ಆಮೇಲೆ ಅವಳ ಕಡೆ ತಿರುಗಿ, "ಶನಿವಾರ ಬಂದು ಕಾಕಾಗೆ ಹೇಳಿದ್ದೆ. ನನ್ನ ಇಂಗ್ಲಿಷು ಕೆಟ್ಟದ್ದು, ಓಡುವ ಆತುರ ಬೇರೆ. ಅವರಿಗೆ ಅರ್ಥವಾಗಲಿಲ್ಲವೇನೋ" ಎಂದ.

ವಾಸಂತಿ ಬೂಟು ಹಾಕಿಕೊಂಡು ಅವನ ಹಿಂದೆ ಹೋದಳು. ಮಧ್ಯಾಹ್ನ ತಿರುಗಿ ಬಂದು ಮೇಜಿನ ಮೇಲೆ ಒಂದು ಕಾಗದ ಬಿಚ್ಚಿಟ್ಟಳು. ಅದರಲ್ಲಿ ಕೆಸರಾದ ನಾಲ್ಕು ಕೆಂಪು ಹೂವುಗಳಿದ್ದವು. ಬಂಡೆಯ ಮೇಲಿನ ಮಣ್ಣು ಗಿಡಗಳ ಸಮೇತ ಜಾರಿ ಹೊಳೆ ಪಾಲಾಗಿತ್ತು. ಅವಳು ಅಳಲಿಲ್ಲ. ಹೂವುಗಳನ್ನು ಕಾಗದಗಳ ನಡುವೆ ಒಂದೊಂದೇ ಒತ್ತಿಟ್ಟು, ಮೇಲೆ ಹೆಸರು, ಜಾಗ ಬರೆದಳು. ಅವಳ ಬರವಣಿಗೆ ಯಾವತ್ತೂ ಗುಂಡಗೆ. ಅವತ್ತು ಅಕ್ಷರಗಳು ಓಲಾಡುತ್ತಿದ್ದವು.

ನಾನು ಇನ್ನೂ ಕೀಳಾದದ್ದು ಆಗ. ಯೂಸುಫು ನನ್ನನ್ನು ಉಳಿಸಿದ್ದ. ನಾಚಿಕೆಯ ಜೊತೆಗೆ ಅದಕ್ಕೂ ಹೊಟ್ಟೆಯುರಿಯಾಯಿತು. ಕಾಡು ಗೊತ್ತಿರುವವನು, ಅವಳ ಗೌರವ ಗಳಿಸಿದವನು ಸಾಲದೆಂದು, ಒಳ್ಳೆಯತನದಲ್ಲೂ ಅವನೇ ಮುಂದಾಗಬೇಕಿತ್ತೇ? ಅವನು ಕೊಟ್ಟ ಸುಳ್ಳಿನ ಮರೆಯಲ್ಲಿ ಐದು ದಿನ ಕೂತೆ. ಅವರಿಬ್ಬರೂ ದಿನಾ ಬೇರೆ ಬೇರೆ ಕಣಿವೆ ಹತ್ತಿ ಇಳಿದು, ಇನ್ನೆಲ್ಲಾದರೂ ಆ ಗಿಡ ಉಂಟೇ ಎಂದು ಹುಡುಕುತ್ತಿದ್ದರು. ವಾಸಂತಿ ನನ್ನ ಹತ್ತಿರ ಎಂದಿನಂತೆ ಮಾತಾಡುತ್ತಿದ್ದಳು. ಉಪ್ಪು ಕೊಡಿ, ಮಲಗಿ, ಒಲೆ ಆರಿದೆ ನೋಡಿ.

ಆರನೇ ದಿನ ಸಿಗ್ನಲ್ಲು ಬಂತು. ಜಗಲಿಯ ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತು ನಿಧಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿದೆ. ಮಗಳ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು.

"ಅಪ್ಪಾ, ಜಸ್ಟ್ ಟೆಲ್ ಹರ್" ಎಂದಳು. ಆಮೇಲೆ ತಡವರಿಸುತ್ತ ಕನ್ನಡದಲ್ಲೂ ಹೇಳಿದಳು. "ಇವತ್ತೇ ಹೇಳು."

ಸಂಜೆ ವಾಸಂತಿ ಒಬ್ಬಳೇ ಒಲೆಯ ಮುಂದೆ ಕಾಲು ಕಾಯಿಸುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತು, ಯೂಸುಫು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು, ಬೇಕೆಂದೇ ನಿನಗೆ ಹೇಳಲಿಲ್ಲ ಎಂದೆ.

"ಗೊತ್ತು" ಅಂದಳು. "ಯೂಸುಫುವಿನ ಇಂಗ್ಲಿಷು ನಿಮ್ಮದಕ್ಕಿಂತ ಚೆನ್ನಾಗಿದೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವೇ ಹೇಳ್ತೀರಾ ಅಂತ ನೋಡ್ತಿದ್ದೆ. ಆರು ದಿನ ಬೇಕಾಯ್ತು ನಿಮಗೆ."

ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಬೆಂಕಿಯನ್ನೇ ನೋಡುತ್ತ ಮಾತು ಮುಂದುವರಿಸಿದಳು. "ಮೊದ್ಲು ಅಂದ್ಕೊಂಡೆ, ಗಂಡಸರಿಗೆ ಇರೋದೇ ಇದು, ಅವನ ಮೇಲೆ ಹೊಟ್ಟೆಕಿಚ್ಚು ಅಂತ. ಸ್ವಲ್ಪ ನಗೂನೂ ಬಂತು. ಆದ್ರೆ ಅವನ ಮೇಲಲ್ಲ ರೀ ನಿಮಗೆ. ನನ್ನ ಮೇಲೆ. ನಿಮ್ಮ ಕೆಲಸ ಹೋಯ್ತು, ನನ್ನ ಕೆಲಸ ಉಳೀತು. ಅದನ್ನ ನೀವು ಹೇಳ್ಕೊಂಡಿದ್ರೆ ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತಿದ್ದೆ. ನೀವು ನನ್ನ ಹತ್ತು ವರ್ಷಾನ ಹೊಳೆಗೆ ಹಾಕಿದ್ರಿ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳಿಗೆ ಅನುದಾನ ಸಿಕ್ಕಿದ ದಿನ ಅಂಗಡಿಗೆ ಹೋಗಿ ಕೇಕು ತಂದವನು ನಾನೇ. ಅದನ್ನು ಕತ್ತರಿಸುವಾಗ, ಇದು ಸಿಗದೇ ಹೋಗಿದ್ದರೆ ಇಬ್ಬರೂ ಸಮವಾಗಿ ಇರುತ್ತಿದ್ದೆವು ಎಂದುಕೊಂಡವನೂ ನಾನೇ.

ಮಾರನೇ ದಿನ ಬೆಳಗ್ಗೆ ಅವರ ಜೊತೆ ನಾನೂ ಹೊರಟೆ. ವಾಸಂತಿ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಯೂಸುಫು ನನ್ನ ರೇನ್‌ಕೋಟು ಬಿಚ್ಚಿ ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ. ರೆಹೆಮಾ ಕೊಟ್ಟ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹೊತ್ತು ಹಿಂದೆ ನಡೆದೆ. ಮೊದಲ ದಿನ ನಾಲ್ಕು ಸಲ ಜಾರಿ ಬಿದ್ದೆ. ಅವಳು ಹೋಗುವ ಜಾಗ ಎಂಥದ್ದು, ಅವಳ ಮೊಣಕಾಲು ಎಷ್ಟು ನೋಯುತ್ತದೆ, ಏರಿನಲ್ಲಿ ಯಾವ ಬೇರನ್ನು ಹಿಡಿದು ಹತ್ತುತ್ತಾಳೆ ಎಂಬುದನ್ನೆಲ್ಲ ಅವತ್ತೇ ಮೊದಲು ಕಂಡದ್ದು.

ಮಧ್ಯಾಹ್ನ ಒಂದು ಬಂಡೆಯ ಕೆಳಗೆ ನಿಂತಾಗ, ವಾಸಂತಿ ದೂರ ಇದ್ದ ಸಮಯ ನೋಡಿ, ಯೂಸುಫುವಿಗೆ "ಪೋಲೆ" ಅಂದೆ. ತಪ್ಪಾಯಿತು ಅನ್ನುವುದಕ್ಕೆ ನನಗೆ ಗೊತ್ತಿದ್ದ ಮಾತು ಅದೊಂದೇ.

ಅವನು ಬೇಯಿಸಿದ ಗೆಣಸು ಮುರಿದು ಅರ್ಧ ನನ್ನ ಕೈಗಿಟ್ಟ. "ಕಾಕಾ, ಈ ಹೂವಿನ ಹೆಸರೆತ್ತಿದರೆ ನನ್ನ ಹೆಂಡತಿ ಪಾತ್ರೆ ಎಸೆಯುತ್ತಾಳೆ. ಪ್ರತಿ ಮಸಿಕಾದಲ್ಲೂ ನಮ್ಮ ಹೊಲದ ಕಳೆ ಅವಳೊಬ್ಬಳೇ ಕೀಳಬೇಕು. ಹೋದ ವರ್ಷ ನನ್ನ ಬೂಟು ಬಚ್ಚಿಟ್ಟಿದ್ದಳು. ಅವತ್ತು ನಿಮ್ಮ ಮುಖ ನೋಡಿದಾಗ ಅವಳ ಮುಖವೇ ಕಂಡಿತು."

ನಾನು ಜೊತೆ ಹೊರಟ ಹನ್ನೆರಡನೇ ದಿನ, ಹಿಂಬದಿಯ ಕಣಿವೆಯಲ್ಲಿ, ಐದೇ ಐದು ಹೂವಿರುವ ಒಂದು ಗಿಡ ಸಿಕ್ಕಿತು. ಮೊದಲು ಕಂಡವನು ಯೂಸುಫುವೇ. ನಾನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಆಗಲೂ ಮನಸ್ಸು ಚುರುಗುಟ್ಟಿತು. ಎರಡು ಬೆಳಗ್ಗೆ ಮೂವರೂ ಟಾರ್ಪಾಲಿನ ಕೆಳಗೆ ಮಾತಿಲ್ಲದೆ ಕೂತೆವು. ನೀರು ತುಂಬಿ ಜೋತು ಬೀಳದಂತೆ ಟಾರ್ಪಾಲನ್ನು ಕೋಲಿನಿಂದ ಎತ್ತಿ ಹಿಡಿಯುವುದು ನನ್ನ ಕೆಲಸ. ಎರಡನೇ ದಿನ ಮಳೆ ಸಣ್ಣಗಾದಾಗ, ಹಸಿರು ಕತ್ತಿನ ಸೂರಕ್ಕಿಯೊಂದು ಬಂದು ಕಾಂಡಕ್ಕೆ ಜೋತು, ಹೂವಿನೊಳಗೆ ಕೊಕ್ಕು ಇಳಿಸಿತು. ವಾಸಂತಿ ಯೂಸುಫುವಿನ ತೋಳನ್ನು ಗಟ್ಟಿಯಾಗಿ ಹಿಡಿದಳು. ಇನ್ನೊಂದು ಕೈಯಿಂದ ನನ್ನ ತೋಳನ್ನೂ ಹಿಡಿದಳು. ಯಾವುದು ಮೊದಲು ಎಂಬುದನ್ನು ನಾನು ಗಮನಿಸಿದ್ದೆ. ಅವನದ್ದೇ.

ಒಂದು ಹಕ್ಕಿ, ಒಂದು ಸಲ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ, ಇನ್ನೊಂದು ಮಳೆಗಾಲ ನೋಡಬೇಕು ಎಂದು ಅವಳು ವರದಿಯಲ್ಲಿ ಬರೆದಳು. ಆ ಇನ್ನೊಂದು ಮಳೆಗಾಲಕ್ಕೆ ಮತ್ತೆ ಅನುದಾನ ಕೇಳಿ, ಇಲ್ಲ ಎನ್ನಿಸಿಕೊಂಡು, ಮತ್ತೆ ಕೇಳಿ, ನಾಲ್ಕು ವರ್ಷವಾಯಿತು. ಈ ನಡುವೆ ಒಂದು ಸಲವೂ ಅವಳು ನನ್ನನ್ನು ಹಂಗಿಸಲಿಲ್ಲ. ಆದರೆ ನಿರಾಕರಣೆಯ ಪತ್ರ ಬಂದಾಗಲೆಲ್ಲ ಅದನ್ನು ನನ್ನಿಂದ ಮುಚ್ಚಿಡದೆ, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ಇಟ್ಟು ಆಫೀಸಿಗೆ ಹೋಗುತ್ತಿದ್ದಳು. ನಾನು ಓದುತ್ತಿದ್ದೆ. ನನಗೆ ಕ್ಯಾಂಪ್‌ಬೆಲ್ ಎಂಬ ಹತ್ತಿರದ ಊರಿನಲ್ಲಿ ಕೆಲಸ ಸಿಕ್ಕಿದೆ, ಹಳೇ ಮನೆಗಳಿಗೆ ಹೊಸ ಕೋಣೆ ಸೇರಿಸುವ ಸಣ್ಣ ಕಂಟ್ರಾಕ್ಟರೊಬ್ಬರ ಹತ್ತಿರ. ನಕ್ಷೆ ಬರೆಯುತ್ತೇನೆ. ಮೊದಲಿನ ಅರ್ಧ ಸಂಬಳ, ಆದರೆ ನಾನು ಮಾತಾಡಿದರೆ ಕೇಳುತ್ತಾರೆ.

ಕೊನೆಗೆ ಈ ಸಲ ಒಪ್ಪಿಗೆ ಬಂದಿದೆ. ಬರುವ ಮಾರ್ಚಿನಲ್ಲಿ ವಾಸಂತಿ ಮತ್ತೆ ಹೋಗುತ್ತಾಳೆ. ನನಗೆ ರಜೆ ಸಿಗುವುದಿಲ್ಲ.

ಬರ್ಕ್ಲಿಯಿಂದ ಪೆಟ್ಟಿಗೆಗಳನ್ನು ತಂದ ಆ ಸಂಜೆ ಅವಳು ಯೂಸುಫುವಿನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಳು. ಅಲ್ಲಿ ಆಗಲೇ ಬೆಳಗಾಗುತ್ತಿತ್ತು. ಅವನ ಹೆಂಡತಿಯೂ ಪರದೆಯೊಳಗೆ ಬಂದು, ನಗದೆ, ಕೈ ಬೀಸಿ ಹೋದಳು. ಎಷ್ಟು ಕ್ಯಾಮೆರಾ, ಎಷ್ಟು ಟಾರ್ಪಾಲು, ಯಾವ ಕಣಿವೆ ಮೊದಲು ಎಂದು ಮಾತು ಸಾಗಿತ್ತು. ವಾಸಂತಿ ಕನ್ನಡಕ ತಲೆಗೇರಿಸಿ ಮುಂದಕ್ಕೆ ಬಾಗಿದ್ದಳು. ನಾನು ಎದುರಿಗೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ.

ಫೋನು ಇಟ್ಟಮೇಲೆ ನನ್ನನ್ನು ನೋಡಿದಳು. "ಏನು, ಮುಖ ಹೀಗಿದೆ?"

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೊಟ್ಟೆ ಉರೀತಿದೆ" ಅಂದೆ.

"ಯಾರ ಮೇಲೆ?"

"ಇಬ್ಬರ ಮೇಲೂ."

ಅವಳು ಎದ್ದು ಬಂದು, ಕುರ್ಚಿ ಎಳೆದು ನನ್ನ ಪಕ್ಕ ಕೂತಳು. ನನ್ನ ಮುಂದಿದ್ದ ಹುರುಳಿಕಾಯಿಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದಳು.

"ಹೇಳಿ" ಅಂದಳು.